2147483647 (ಸಂಖ್ಯೆ)

2,14,74,83,647 (ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು) ಒಂದು ಅವಿಭಾಜ್ಯ ಸಂಖ್ಯೆ. ಎರಡರ ಮೂವತ್ತೊಂದನೆಯ ಘಾತದಿಂದ ಒಂದನ್ನು ಕಳೆದಾಗ ದೊರೆಯುವ ಈ ಸಂಖ್ಯೆಯನ್ನು ಸಂಕ್ಷೇಪವಾಗಿ 2³¹ − 1 ಎಂದು ಬರೆಯಲಾಗುತ್ತದೆ. ಎರಡರ ಘಾತಕ್ಕಿಂತ ಒಂದು ಕಡಿಮೆಯಿರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. 3, 7, 31, 127, 8191, 131071, 524287 ಎಂಬ ಏಳರ ನಂತರ ಬರುವ ಎಂಟನೆಯ ಮರ್ಸೆನ್ ಅವಿಭಾಜ್ಯವೇ ಇದು. ಇದು ಅವಿಭಾಜ್ಯವೆಂಬುದನ್ನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲೆಸಿದ್ದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1772ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಮನುಷ್ಯರಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು. ಇಂದು ಈ ಸಂಖ್ಯೆಯ ಪರಿಚಯ ಗಣಿತಜ್ಞರಿಗಿಂತ ತಂತ್ರಾಂಶ ಬರೆಯುವವರಿಗೇ ಹೆಚ್ಚು: 32 ಬಿಟ್‌ಗಳ ಚಿಹ್ನಾಸಹಿತ ಪೂರ್ಣಾಂಕದಲ್ಲಿ ಹಿಡಿಸಬಹುದಾದ ಗರಿಷ್ಠ ಬೆಲೆ ಇದು.

ಸ್ವರೂಪ ಮತ್ತು ನೆರೆಯ ಸಂಖ್ಯೆಗಳು

ದಶಮಾನ ಪದ್ಧತಿಯಲ್ಲಿ ಹತ್ತು ಅಂಕಿಗಳಿರುವ ಈ ಸಂಖ್ಯೆ ದ್ವಿಮಾನ ಪದ್ಧತಿಯಲ್ಲಿ ಸಾಲಾಗಿ ನಿಂತ ಮೂವತ್ತೊಂದು ಒಂದುಗಳಾಗಿ ಕಾಣುತ್ತದೆ; ನಡುವೆ ಒಂದೇ ಒಂದು ಸೊನ್ನೆಯೂ ಇಲ್ಲ. ಷೋಡಶಮಾನ ಪದ್ಧತಿಯಲ್ಲಿ ಇದನ್ನು 7ರ ಮುಂದೆ ಏಳು ಎಫ್‌ಗಳನ್ನಿಟ್ಟು ಬರೆಯುತ್ತಾರೆ.

ಎರಡರಿಂದ ಆರಂಭಿಸಿ ಅವಿಭಾಜ್ಯಗಳನ್ನು ಕ್ರಮವಾಗಿ ಎಣಿಸುತ್ತ ಹೋದರೆ ಇದು 10,50,97,565ನೆಯದು. ಇದಕ್ಕೆ ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಅಂದರೆ ಹಿಂದೆ ಹದಿನೆಂಟು, ಮುಂದೆ ಹನ್ನೆರಡು ಹೆಜ್ಜೆಗಳ ಅಂತರ. ಈ ಗಾತ್ರದ ಸಂಖ್ಯೆಗಳ ನಡುವೆ ಎರಡು ಅವಿಭಾಜ್ಯಗಳ ಸರಾಸರಿ ದೂರ ಇಪ್ಪತ್ತೊಂದರ ಆಸುಪಾಸಿನಲ್ಲಿರುವುದರಿಂದ ಈ ಅಂತರಗಳಲ್ಲಿ ವಿಶೇಷವೇನೂ ಇಲ್ಲ. ಎರಡರ ಅಂತರದಲ್ಲಿ ಜೊತೆಗಾರ ಇಲ್ಲದ ಕಾರಣ ಇದು ಅವಳಿ ಅವಿಭಾಜ್ಯಗಳ ಗುಂಪಿಗೆ ಸೇರುವುದಿಲ್ಲ: ಎರಡು ಕಡಿಮೆಯಿರುವ 2147483645 ಐದರಿಂದ ಭಾಗವಾಗುತ್ತದೆ, ಎರಡು ಹೆಚ್ಚಿರುವ 2147483649 ಮೂರರಿಂದ ಭಾಗವಾಗುತ್ತದೆ. ಈ ಕೊನೆಯದನ್ನು ಮೂರರಿಂದ ಭಾಗಿಸಿದಾಗ ಬರುವ 715827883 ಸಹ ಅವಿಭಾಜ್ಯವೆಂಬುದು ಗಮನಾರ್ಹ. ಹಾಗೆ ದೊರೆಯುವ ಅವಿಭಾಜ್ಯಗಳಿಗೆ ವ್ಯಾಗ್‌ಸ್ಟಾಫ್ ಅವಿಭಾಜ್ಯಗಳೆಂದು ಹೆಸರು.

ತಕ್ಷಣದ ನೆರೆಯವರಿಬ್ಬರ ಸ್ವಭಾವ ಒಂದಕ್ಕೊಂದು ತೀರ ಭಿನ್ನವಾಗಿದೆ. ಒಂದು ಹೆಚ್ಚಿರುವ 2147483648 ಎರಡರ ಶುದ್ಧ ಘಾತ. ಎರಡರ ಹೊರತು ಬೇರೆ ಅವಿಭಾಜ್ಯ ಅಪವರ್ತನವೇ ಅದಕ್ಕಿಲ್ಲ. ಒಂದು ಕಡಿಮೆಯಿರುವ 2147483646 ಮಾತ್ರ ಹಲವು ಸಣ್ಣ ಅವಿಭಾಜ್ಯಗಳಾಗಿ ಒಡೆಯುತ್ತದೆ: 2 × 3² × 7 × 11 × 31 × 151 × 331. ಈ ಎರಡು ಒಡೆತಗಳೂ ಮುಂದೆ ಹೇಳುವ ಉಪಯೋಗಗಳಲ್ಲಿ ಮುಖ್ಯವಾಗುತ್ತವೆ. ಸಂಖ್ಯೆಯನ್ನು ಇಮ್ಮಡಿಗೊಳಿಸಿ ಒಂದನ್ನು ಕೂಡಿಸಿದರೆ 4294967295 ಬರುತ್ತದೆ. ಇದು ಇಂದಿನವರೆಗೆ ತಿಳಿದಿರುವ ಐದೂ ಫೆರ್ಮಾ ಅವಿಭಾಜ್ಯಗಳ, ಎಂದರೆ 3, 5, 17, 257 ಮತ್ತು 65537ರ ಗುಣಲಬ್ಧ.

ಆಯ್ಲರ್‌ಗಿಂತ ಹಿಂದೆ

2ರ ಘಾತದಿಂದ ಒಂದನ್ನು ಕಳೆದ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಸೂಚಿಯೂ ಅವಿಭಾಜ್ಯವಾಗಿರಲೇಬೇಕು. ಇದರ ವಿಲೋಮ ನಿಜವಲ್ಲ. ಘಾತಸೂಚಿ 11 ಆದಾಗಲೇ ನಿಯಮ ಮುರಿಯುತ್ತದೆ: 2047 ಎಂಬುದು 23 ಮತ್ತು 89ರ ಗುಣಲಬ್ಧ. ಹೀಗಾಗಿ ಪ್ರತಿಯೊಂದು ಘಾತಸೂಚಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸದೆ ಗತ್ಯಂತರವಿಲ್ಲ.

ಇಟಲಿಯ ಬೊಲೊನ್ಯದ ಗಣಿತಜ್ಞ ಪಿಯೆತ್ರೊ ಕತಾಲ್ದಿ 1588ರ ವೇಳೆಗೆ 2¹⁷ − 1 ಮತ್ತು 2¹⁹ − 1 ಇವೆರಡೂ ಅವಿಭಾಜ್ಯಗಳೆಂದು ಕಂಡುಕೊಂಡಿದ್ದರು. ಅವರ ವಿಧಾನ ಸರಳವೂ ಶ್ರಮದಾಯಕವೂ ಆಗಿತ್ತು: ಸಂಖ್ಯೆಯ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು. ಇದರ ಜೊತೆಗೆ 23, 29, 31, 37 ಎಂಬ ಘಾತಸೂಚಿಗಳೂ ಅವಿಭಾಜ್ಯಗಳನ್ನೇ ಕೊಡುತ್ತವೆ ಎಂದು ಅವರು ಹೇಳಿದರು. ಈ ನಾಲ್ಕರಲ್ಲಿ ಮೂರು ತಪ್ಪಾದವು. 1640ರಲ್ಲಿ ಪಿಯರ್ ದ ಫೆರ್ಮಾ 2²³ − 1 ಸಂಖ್ಯೆಯನ್ನು 47 ಭಾಗಿಸುತ್ತದೆ, 2³⁷ − 1 ಸಂಖ್ಯೆಯನ್ನು 223 ಭಾಗಿಸುತ್ತದೆ ಎಂದು ತೋರಿಸಿದರು. 2²⁹ − 1 ಸಹ ಸಂಯುಕ್ತ ಸಂಖ್ಯೆಯೆಂಬುದನ್ನು ಮುಂದೆ ಆಯ್ಲರ್ ಕಂಡುಹಿಡಿದರು. ಅದರ ಅಪವರ್ತನಗಳು 233, 1103 ಮತ್ತು 2089. ಉಳಿದದ್ದು 31 ಒಂದೇ.

ಫ್ರಾನ್ಸಿನ ಸನ್ಯಾಸಿ ಹಾಗೂ ವಿದ್ವಾಂಸ ಮಾರೆನ್ ಮರ್ಸೆನ್ 1644ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಮುನ್ನುಡಿಯಲ್ಲಿ 257ರವರೆಗಿನ ಘಾತಸೂಚಿಗಳ ಪೈಕಿ 2, 3, 5, 7, 13, 17, 19, 31, 67, 127, 257 ಇವು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ ಎಂದು ಘೋಷಿಸಿದರು. ಈ ಪಟ್ಟಿಗೆ ಅವರು ಯಾವ ಸಾಧನೆಯನ್ನೂ ಕೊಡಲಿಲ್ಲ, ಕೊಡುವುದು ಅಂದು ಸಾಧ್ಯವೂ ಇರಲಿಲ್ಲ. ಪಟ್ಟಿಯನ್ನು ಪೂರ್ಣವಾಗಿ ಪರಿಶೀಲಿಸಲು ಮೂರು ಶತಮಾನಗಳೇ ಬೇಕಾದವು. ಕೊನೆಗೆ 67 ಮತ್ತು 257 ತಪ್ಪೆಂದೂ 61, 89, 107 ಬಿಟ್ಟುಹೋಗಿವೆಯೆಂದೂ ತಿಳಿದುಬಂದಿತು. ಅರೆಬರೆ ಸರಿಯಾದ ಈ ಊಹೆಯಿಂದ ಇಡೀ ವರ್ಗದ ಸಂಖ್ಯೆಗಳಿಗೆ ಮರ್ಸೆನ್ ಹೆಸರು ಶಾಶ್ವತವಾಗಿ ಅಂಟಿಕೊಂಡಿತು. 31ರ ವಿಷಯದಲ್ಲಿ ಮಾತ್ರ ಕತಾಲ್ದಿ, ಮರ್ಸೆನ್ ಇಬ್ಬರ ಮಾತೂ ಸರಿಯಾಗಿತ್ತು. ಸರಿ ಎಂದು ತೋರಿಸಿದವರು ಮಾತ್ರ ಯಾರೂ ಇರಲಿಲ್ಲ.

ಆಯ್ಲರ್ ನೀಡಿದ ಸಾಧನೆ

2147483647ರ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಸಂಖ್ಯೆ ಸಂಯುಕ್ತವಾಗಿದ್ದರೆ ಅದಕ್ಕೆ 46340ನ್ನು ಮೀರದ ಒಂದು ಅವಿಭಾಜ್ಯ ಭಾಜಕ ಇರಲೇಬೇಕು. ಆ ಮಿತಿಯೊಳಗೆ 4792 ಅವಿಭಾಜ್ಯಗಳಿವೆ. ಕತಾಲ್ದಿಯ ಹಾದಿಯಲ್ಲಿ ಹೋದರೆ ಅಷ್ಟೂ ಭಾಗಾಕಾರಗಳನ್ನು ಕೈಯಿಂದ ಮಾಡಬೇಕು, ಅದಕ್ಕೂ ಮೊದಲು ಅಷ್ಟೂ ಅವಿಭಾಜ್ಯಗಳ ಪಟ್ಟಿ ಕೈಯಲ್ಲಿರಬೇಕು. ಆಯ್ಲರ್ ಈ ಹೊರೆಯನ್ನು ಎರಡು ವಿಚಾರಗಳಿಂದ ತಗ್ಗಿಸಿದರು.

ಮೊದಲನೆಯದು ಫೆರ್ಮಾನ ಪ್ರಮೇಯದಿಂದ ಬರುತ್ತದೆ. ‘ಭ’ ಎಂಬ ಅವಿಭಾಜ್ಯವು 2³¹ − 1 ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ಭಾವಿಸೋಣ. ಹಾಗಾದರೆ 2ರ ಘಾತಗಳನ್ನು ‘ಭ’ದಿಂದ ಭಾಗಿಸುತ್ತ ಹೋದಾಗ 31ನೆಯ ಘಾತದಲ್ಲಿ ಶೇಷ 1 ಬರುತ್ತದೆ. ಶೇಷ 1 ಮೊದಲ ಬಾರಿಗೆ ಬರುವ ಘಾತಸೂಚಿಯು 31ನ್ನು ಭಾಗಿಸಬೇಕು. 31 ಅವಿಭಾಜ್ಯವಾದುದರಿಂದ ಆ ಘಾತಸೂಚಿ 1 ಇಲ್ಲವೆ 31 ಆಗಿರಬೇಕು. 1 ಆಗಿದ್ದರೆ 2ನ್ನು ‘ಭ’ದಿಂದ ಭಾಗಿಸಿದಾಗ ಶೇಷ 1 ಬರಬೇಕಾಗುತ್ತದೆ, ಅದು ಅಸಾಧ್ಯ. ಆದ್ದರಿಂದ ಶೇಷಗಳ ಆವರ್ತ ಸರಿಯಾಗಿ 31. ಇತ್ತ ಫೆರ್ಮಾನ ಪ್ರಮೇಯದಂತೆ 2ರ (ಭ − 1)ನೆಯ ಘಾತದ ಶೇಷವೂ 1. ಹೀಗಾಗಿ ಭ − 1 ಸಂಖ್ಯೆ 31ರ ಗುಣಕ. ಅದು ಸಮಸಂಖ್ಯೆಯೂ ಆದುದರಿಂದ 62ರ ಗುಣಕ.

ಎರಡನೆಯದು ವರ್ಗಶೇಷಗಳ ವಿಚಾರ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ‘ಭ’ದ ಮಟ್ಟಿಗೆ 2 ಒಂದು ವರ್ಗಸಂಖ್ಯೆಯ ಶೇಷವಾಗಿದೆ. ಎಂಟರಿಂದ ಭಾಗಿಸಿದಾಗ 1 ಅಥವಾ 7 ಶೇಷ ಉಳಿಸುವ ಅವಿಭಾಜ್ಯಗಳಲ್ಲಿ ಮಾತ್ರ ಇದು ಸಾಧ್ಯ.

ಎರಡು ನಿರ್ಬಂಧಗಳನ್ನೂ ಕೂಡಿಸಿದರೆ ‘ಭ’ವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಬೇಕು, ಬೇರೆ ಯಾವುದೂ ಆಗಲಾರದು. 46340ರೊಳಗೆ ಈ ರೂಪದ, 1 ಮತ್ತು 63ನ್ನು ಬಿಟ್ಟು, 372 ಸಂಖ್ಯೆಗಳು ಮಾತ್ರ ಇವೆ. ಅವುಗಳಲ್ಲೂ ಹೆಚ್ಚಿನವು ಸಂಯುಕ್ತಗಳಾದ್ದರಿಂದ ತಾವಾಗಿಯೇ ಬಿದ್ದುಹೋಗುತ್ತವೆ. ಕೊನೆಗೆ ನಿಜವಾಗಿ ಭಾಗಿಸಿ ನೋಡಬೇಕಾದ ಅವಿಭಾಜ್ಯಗಳು ಎಂಬತ್ತರ ಆಸುಪಾಸಿನಲ್ಲಿ ಉಳಿಯುತ್ತವೆ. ಸುಮಾರು ಐದು ಸಾವಿರ ಭಾಗಾಕಾರಗಳ ಕೆಲಸ ಕೆಲವು ದಿನಗಳ ಕೆಲಸವಾಯಿತು.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಪಟ್ಟಿಯ ಮೊದಲ ಕೆಲವು ಸಂಖ್ಯೆಗಳಲ್ಲೇ ನೋಡಬಹುದು. ಪಟ್ಟಿಯಲ್ಲಿ 249 ಮೊದಲು ಬರುತ್ತದೆ, ಅದು ಮೂರರ ಗುಣಕ. ಮುಂದಿನದು 311, ಅವಿಭಾಜ್ಯ. ಆಮೇಲೆ 497, 559, 745, 807, 993, 1055, 1241 ಎಲ್ಲವೂ ಸಂಯುಕ್ತಗಳು. ನಂತರ 1303 ಮತ್ತು 1489 ಎಂಬ ಎರಡು ಅವಿಭಾಜ್ಯಗಳು. 1489ನ್ನು ತೆಗೆದುಕೊಂಡರೆ ಹತ್ತಂಕಿಯ ಸಂಖ್ಯೆಯನ್ನು ಭಾಗಿಸುವ ಅಗತ್ಯವೂ ಬೀಳುವುದಿಲ್ಲ. 2¹⁶ ಎಂದರೆ 65536. ಅದರಲ್ಲಿ 1489ರ 44 ಪಟ್ಟು, ಅಂದರೆ 65516, ಕಳೆದರೆ ಶೇಷ 20. ಇದರ ವರ್ಗ 400, ಆದ್ದರಿಂದ 2³²ರ ಶೇಷ 400. ಅದರ ಅರ್ಧ 200 ಎಂಬುದು 2³¹ರ ಶೇಷ. ಒಂದನ್ನು ಕಳೆದರೆ 199. ಶೇಷ ಸೊನ್ನೆಯಲ್ಲದ ಕಾರಣ 1489 ಭಾಜಕವಲ್ಲ. ಇದೇ ರೀತಿ 311ರಿಂದ ಭಾಗಿಸಿದರೆ 35, 1303ರಿಂದ ಭಾಗಿಸಿದರೆ 226 ಉಳಿಯುತ್ತದೆ. ಪಟ್ಟಿಯ ಕೊನೆಯವರೆಗೂ ಎಲ್ಲಿಯೂ ಸೊನ್ನೆ ಬರುವುದಿಲ್ಲ.

ಈ ಫಲಿತಾಂಶವನ್ನು ಆಯ್ಲರ್ ಬರ್ನೂಲಿ ಮನೆತನದ ಗಣಿತಜ್ಞರೊಬ್ಬರಿಗೆ ಬರೆದ ಪತ್ರದಲ್ಲಿ ತಿಳಿಸಿದರು. ಪತ್ರದ ಸಾರ ಬರ್ಲಿನ್ ಅಕಾಡೆಮಿಯ 1772ರ ಸಂಪುಟದಲ್ಲಿ ಅಚ್ಚಾಯಿತು. ಆ ವೇಳೆಗೆ ಅವರ ವಯಸ್ಸು ಅರವತ್ತೈದರ ಸಮೀಪದಲ್ಲಿತ್ತು. ಬಲಗಣ್ಣಿನ ದೃಷ್ಟಿ ಹೋಗಿ ದಶಕಗಳೇ ಕಳೆದಿದ್ದವು, ಎಡಗಣ್ಣನ್ನು ಪೊರೆ ಆವರಿಸಿತ್ತು. 1771ರ ಶಸ್ತ್ರಚಿಕಿತ್ಸೆಯ ನಂತರವೂ ದೃಷ್ಟಿ ನಿಲ್ಲಲಿಲ್ಲ. ಬಹುಮಟ್ಟಿಗೆ ಅಂಧರಾಗಿದ್ದ ಅವರು ಈ ಕಾಲದ ಬರಹಗಳನ್ನು ಸಹಾಯಕರಿಗೆ ಹೇಳಿ ಬರೆಸುತ್ತಿದ್ದರು.

ಅತಿ ದೊಡ್ಡ ಅವಿಭಾಜ್ಯವೆಂಬ ಸ್ಥಾನ

ಯೂಕ್ಲಿಡ್ ಕಾಲದಿಂದಲೂ ಮರ್ಸೆನ್ ಅವಿಭಾಜ್ಯಗಳಿಗೆ ಪರಿಪೂರ್ಣ ಸಂಖ್ಯೆಗಳೊಡನೆ ನಂಟಿದೆ. ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ ಪರಿಪೂರ್ಣ. 6 ಮತ್ತು 28 ಚಿರಪರಿಚಿತ ಉದಾಹರಣೆಗಳು. 2³¹ − 1 ಅವಿಭಾಜ್ಯವಾದ ಕಾರಣ ಅದನ್ನು 2³⁰ರಿಂದ ಗುಣಿಸಿದಾಗ ಬರುವ 2305843008139952128 ಎಂಬ ಹತ್ತೊಂಬತ್ತು ಅಂಕಿಗಳ ಸಂಖ್ಯೆ ಪರಿಪೂರ್ಣವಾಗುತ್ತದೆ. ಇದು ಎಂಟನೆಯ ಪರಿಪೂರ್ಣ ಸಂಖ್ಯೆ. ಸಮಸಂಖ್ಯೆಗಳಾದ ಪರಿಪೂರ್ಣ ಸಂಖ್ಯೆಗಳೆಲ್ಲವೂ ಇದೇ ರೂಪದಲ್ಲಿರುತ್ತವೆ ಎಂಬುದನ್ನು ಸಾಧಿಸಿದವರೂ ಆಯ್ಲರ್ ಅವರೇ.

ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ 1811ರಲ್ಲಿ ಪ್ರಕಟಿಸಿದ ಸಂಖ್ಯಾಸಿದ್ಧಾಂತದ ಪುಸ್ತಕದಲ್ಲಿ ಈ ಎಂಟನೆಯ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದೂ ಕಂಡುಹಿಡಿಯಲಾರರು ಎಂದು ಬರೆದರು. ಅವರು ಕೊಟ್ಟ ಕಾರಣ ಗಣಿತದ್ದಲ್ಲ: ಇಂಥ ಸಂಖ್ಯೆಗಳು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬರುವವಲ್ಲ, ಆದ್ದರಿಂದ ಇದಕ್ಕಿಂತ ಮುಂದೆ ಹೋಗುವ ಗೋಜಿಗೆ ಯಾರೂ ಹೋಗಲಾರರು ಎಂಬುದು ಅವರ ತರ್ಕ. ಅಂದಿನ ಸಾಧನಗಳನ್ನು ನೆನೆದರೆ ಈ ಮಾತು ಹುಂಬತನದ್ದೇನೂ ಅಲ್ಲ. ಆಯ್ಲರ್ ವಿಧಾನದಲ್ಲಿ ಘಾತಸೂಚಿ 61 ಆದರೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು ಲಕ್ಷಗಳಲ್ಲಿ ಬರುತ್ತವೆ; ಒಬ್ಬ ಮನುಷ್ಯನ ಆಯುಷ್ಯ ಅದಕ್ಕೆ ಸಾಲದು. ಬಾರ್ಲೊ ಗ್ರಹಿಸದೆ ಹೋದದ್ದು, ಭಾಗಿಸಿ ನೋಡದೆಯೇ ಅವಿಭಾಜ್ಯತೆಯನ್ನು ತಿಳಿಯುವ ದಾರಿಯೊಂದು ತೆರೆದುಕೊಳ್ಳಬಹುದೆಂಬುದನ್ನು.

1855ರಲ್ಲಿ ಥಾಮಸ್ ಕ್ಲಾಸೆನ್ ಆರನೆಯ ಫೆರ್ಮಾ ಸಂಖ್ಯೆಯನ್ನು ಒಡೆದು 67280421310721 ಎಂಬ ಅವಿಭಾಜ್ಯ ಅಪವರ್ತನವನ್ನು ಕಂಡರು. ಅದು 2147483647ಕ್ಕಿಂತ ಬಹಳ ದೊಡ್ಡದು. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ತಮ್ಮ ಹೊಸ ಪರೀಕ್ಷೆಯ ಬಲದಿಂದ ಮೂವತ್ತೊಂಬತ್ತು ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ತೋರಿಸಿದರು. 1883ರಲ್ಲಿ ರಷ್ಯಾದ ಇವಾನ್ ಪೆರ್ವೂಶಿನ್ 2⁶¹ − 1ರ ಅವಿಭಾಜ್ಯತೆಯನ್ನು ಸಾಧಿಸಿ ಒಂಬತ್ತನೆಯ ಪರಿಪೂರ್ಣ ಸಂಖ್ಯೆಯನ್ನು ಕೊಟ್ಟರು.

ಲ್ಯೂಕಾ–ಲೆಹ್ಮರ್ ಪರೀಕ್ಷೆ

ಲ್ಯೂಕಾ ಆರಂಭಿಸಿ 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಸರಳಗೊಳಿಸಿದ ಈ ಪರೀಕ್ಷೆ ಮರ್ಸೆನ್ ಸಂಖ್ಯೆಗಳಿಗೆಂದೇ ರೂಪುಗೊಂಡದ್ದು. 4ರಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲೂ ಹಿಂದಿನ ಸಂಖ್ಯೆಯ ವರ್ಗದಿಂದ 2ನ್ನು ಕಳೆದು, ಪರೀಕ್ಷೆಗೊಳಪಟ್ಟ ಸಂಖ್ಯೆಯಿಂದ ಭಾಗಿಸಿದ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಘಾತಸೂಚಿಗಿಂತ ಎರಡು ಕಡಿಮೆ ಹೆಜ್ಜೆಗಳ ನಂತರ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. 2³¹ − 1ರ ವಿಷಯದಲ್ಲಿ ಇಪ್ಪತ್ತೊಂಬತ್ತು ಹೆಜ್ಜೆಗಳು ಸಾಕು. ಸರಣಿ ಹೀಗೆ ಸಾಗುತ್ತದೆ: 4, 14, 194, 37634, 1416317954, 669670838, … ಇಪ್ಪತ್ತೊಂಬತ್ತನೆಯ ಹೆಜ್ಜೆಯಲ್ಲಿ 0.

ಸೊನ್ನೆಗೆ ಮುಂಚಿನ ಪದದ ವರ್ಗದ ಶೇಷ 2 ಆಗಿರಬೇಕು. 65536ರ ವರ್ಗ 2³², ಅದರ ಶೇಷ 2. ಆದುದರಿಂದ ಆ ಪದ 65536 ಆಗಿರಬೇಕು, ಇಲ್ಲವೆ 2147483647ರಿಂದ 65536ನ್ನು ಕಳೆದದ್ದಾಗಿರಬೇಕು. ಮೂರನೆಯ ಸಾಧ್ಯತೆ ಇಲ್ಲ.

ಪ್ರತಿ ಹೆಜ್ಜೆಯಲ್ಲಿ ಶೇಷ ತೆಗೆಯುವ ಕೆಲಸವೂ ಇಲ್ಲಿ ಹಗುರ. 2³¹ರ ಶೇಷ 1 ಆದ್ದರಿಂದ ದೊಡ್ಡ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದು, ಬಲಗಡೆಯ 31 ಬಿಟ್‌ಗಳನ್ನು ಒಂದು ತುಂಡಾಗಿಯೂ ಎಡಗಡೆಯದನ್ನು ಇನ್ನೊಂದು ತುಂಡಾಗಿಯೂ ಕತ್ತರಿಸಿ ಎರಡನ್ನೂ ಕೂಡಿದರೆ ಸಾಕು. ಹತ್ತರ ಪದ್ಧತಿಯಲ್ಲಿ ಅಂಕಿಗಳನ್ನು ಕೂಡಿ ಒಂಬತ್ತರ ಶೇಷ ಕಾಣುವ ಶಾಲೆಯ ಲೆಕ್ಕಕ್ಕೂ ಇದಕ್ಕೂ ತತ್ತ್ವ ಒಂದೇ. ಮರ್ಸೆನ್ ಅವಿಭಾಜ್ಯಗಳು ಗಣಕಯಂತ್ರಗಳಿಗೆ ಪ್ರಿಯವಾಗಲು ಇದು ಮುಖ್ಯ ಕಾರಣ.

ಶೇಷಗಳ ಲೋಕದಲ್ಲಿ

2147483647ನ್ನು ಎಂಟರಿಂದ ಭಾಗಿಸಿದರೆ 7 ಉಳಿಯುತ್ತದೆ. ಈ ಕಾರಣದಿಂದ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು, ಮೂರು ವರ್ಗಗಳ ಮೊತ್ತವಾಗಿಯೂ ಬರೆಯಲಾಗದು. ನಾಲ್ಕು ಬೇಕೇ ಬೇಕು.

ಈ ಸಂಖ್ಯೆಯಿಂದ ಭಾಗಿಸಿದ ಶೇಷಗಳಲ್ಲಿ 2ರ ಘಾತಗಳು ಕೇವಲ 31 ಹೆಜ್ಜೆಗಳಲ್ಲಿ 1ಕ್ಕೆ ಮರಳುತ್ತವೆ. ಇದಕ್ಕೆ ಪ್ರತಿಯಾಗಿ 7ರ ಘಾತಗಳು ಸೊನ್ನೆಯ ಹೊರತಾದ ಎಲ್ಲ 2147483646 ಶೇಷಗಳನ್ನೂ ಒಮ್ಮೊಮ್ಮೆ ಮುಟ್ಟಿದ ನಂತರವೇ 1ಕ್ಕೆ ಬರುತ್ತವೆ. ಇಂಥ ಗುಣವಿರುವ ಸಂಖ್ಯೆಯನ್ನು ಪ್ರಿಮಿಟಿವ್ ರೂಟ್ ಎನ್ನುತ್ತಾರೆ. ಈ ಅವಿಭಾಜ್ಯಕ್ಕೆ ಅಂಥ ಅತಿ ಚಿಕ್ಕ ಧನಸಂಖ್ಯೆ 7. ಅದರ ಐದನೆಯ ಘಾತವಾದ 16807ಕ್ಕೂ ಇದೇ ಗುಣವಿದೆ, ಏಕೆಂದರೆ 2147483646ರ ಅಪವರ್ತನಗಳಲ್ಲಿ 5 ಇಲ್ಲ.

ಈ ಸಂಗತಿ ಯಾದೃಚ್ಛಿಕ ಸಂಖ್ಯೆಗಳ ಉತ್ಪಾದನೆಯಲ್ಲಿ ಬಳಕೆಯಾಯಿತು. ಲೆಹ್ಮರ್ ಸೂಚಿಸಿದ ಮಾದರಿಯಲ್ಲಿ ಒಂದು ಸಂಖ್ಯೆಯನ್ನು 16807ರಿಂದ ಗುಣಿಸಿ 2147483647ರಿಂದ ಭಾಗಿಸಿದ ಶೇಷವೇ ಮುಂದಿನ ಸಂಖ್ಯೆ. ಒಂದರಿಂದ ಆರಂಭಿಸಿದರೆ 16807, 282475249, 1622650073, 984943658 ಹೀಗೆ ಸಾಲು ಬೆಳೆಯುತ್ತದೆ. ಒಂದು ಪೂರ್ಣ ಸುತ್ತು ಮುಗಿಯುವವರೆಗೆ ಯಾವ ಸಂಖ್ಯೆಯೂ ಮರುಕಳಿಸುವುದಿಲ್ಲ. 1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಇದನ್ನು ಕನಿಷ್ಠ ಮಾನದಂಡವಾಗಿ ಇಟ್ಟುಕೊಳ್ಳಬೇಕೆಂದು ವಾದಿಸಿದರು. ಗುಣಿಸುವಾಗ 32 ಬಿಟ್‌ಗಳ ಮಿತಿ ಮೀರದಂತೆ ಲೆಕ್ಕ ಮಾಡಲು ಅವರು 2147483647 = 16807 × 127773 + 2836 ಎಂಬ ಸಮೀಕರಣವನ್ನು ಬಳಸುವ ಉಪಾಯವನ್ನೂ ಪ್ರಚುರಪಡಿಸಿದರು. ಸರಿಯಾಗಿ ಬರೆದಿದೆಯೇ ಎಂದು ಪರೀಕ್ಷಿಸಲು ಅವರು ಕೊಟ್ಟ ಒರೆಗಲ್ಲು ಇಂದಿಗೂ ಚಲಾವಣೆಯಲ್ಲಿದೆ: ಒಂದರಿಂದ ಹೊರಟು ಹತ್ತು ಸಾವಿರ ಹೆಜ್ಜೆಗಳ ನಂತರ 1043618065 ಬರಬೇಕು. ಈ ವಿಧಾನ ಆಟಗಳಿಗೂ ಸರಳ ಅನುಕರಣೆಗಳಿಗೂ ಸಾಕು, ಗುಪ್ತಲಿಪಿಗೆ ಖಂಡಿತ ಸಲ್ಲದು. ಒಂದು ಸಂಖ್ಯೆ ಗೊತ್ತಾದರೆ ಮುಂದಿನವೆಲ್ಲವೂ ಗೊತ್ತಾದಂತೆಯೇ.

ದೂರಸಂಪರ್ಕ ಕ್ಷೇತ್ರದಲ್ಲಿ ಇದೇ ಸಂಖ್ಯೆ ಇನ್ನೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಸೊನ್ನೆ ಮತ್ತು ಒಂದು ಮಾತ್ರ ಇರುವ ಅಂಕಗಣಿತದಲ್ಲಿ 31ನೆಯ ಘಾತದ ಒಡೆಯಲಾಗದ ಬಹುಪದಗಳು 6,92,73,666 ಇವೆ. 2³¹ − 1 ಅವಿಭಾಜ್ಯವಾದ ಕಾರಣ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಅದರಿಂದ ಹುಟ್ಟುವ ಬಿಟ್‌ಗಳ ಸಾಲು 2147483647 ಬಿಟ್‌ಗಳ ನಂತರವೇ ಪುನರಾವರ್ತನೆಯಾಗುತ್ತದೆ. ವೇಗದ ಸಂಪರ್ಕ ಜಾಲಗಳ ದೋಷ ಅಳೆಯಲು ಬಳಸುವ ಪಿಆರ್‌ಬಿಎಸ್‌-31 ಎಂಬ ಪರೀಕ್ಷಾ ವಿನ್ಯಾಸ ಇಂಥದೇ ಒಂದು ಸಾಲು.

ಇತ್ತೀಚಿನ ವರ್ಷಗಳಲ್ಲಿ ಗುಪ್ತಲಿಪಿ ಶಾಸ್ತ್ರದ ಶೂನ್ಯಜ್ಞಾನ ಸಾಧನೆಗಳಲ್ಲೂ ಈ ಅವಿಭಾಜ್ಯಕ್ಕೆ ಬೇಡಿಕೆ ಬಂದಿದೆ. ಅಲ್ಲಿನ ವೇಗದ ಲೆಕ್ಕಗಳಿಗೆ ಎರಡರ ದೊಡ್ಡ ಘಾತದಷ್ಟು ಸದಸ್ಯರಿರುವ ಸಮೂಹವೊಂದು ಬೇಕು. 2147483646ರಲ್ಲಿ ಎರಡು ಒಂದೇ ಬಾರಿ ಅಪವರ್ತನವಾಗಿರುವುದರಿಂದ ಗುಣಾಕಾರದ ಸಮೂಹ ಇದಕ್ಕೆ ಒದಗುವುದಿಲ್ಲ. ಆದರೆ ಕ್ಷ² + ಯ² = 1 ಎಂಬ ವೃತ್ತದ ಮೇಲೆ, ಶೇಷಗಳ ಲೆಕ್ಕದಲ್ಲಿ, ಸರಿಯಾಗಿ 2147483648 ಬಿಂದುಗಳಿವೆ; ಅದು 2³¹. ‘ಸರ್ಕಲ್ ಸ್ಟಾರ್ಕ್’ ಎಂದು ಕರೆಯುವ ವಿಧಾನ ಈ ವೃತ್ತವನ್ನೇ ಆಧಾರವಾಗಿಟ್ಟುಕೊಂಡಿದೆ.

ಇಮ್ಮಡಿ ಮರ್ಸೆನ್ ಸಂಖ್ಯೆಗಳು

31 ತಾನೇ ಒಂದು ಮರ್ಸೆನ್ ಅವಿಭಾಜ್ಯ (2⁵ − 1). ಘಾತಸೂಚಿಯೂ ಮರ್ಸೆನ್ ಅವಿಭಾಜ್ಯವೇ ಆಗಿರುವ ಮರ್ಸೆನ್ ಅವಿಭಾಜ್ಯಗಳು ನಾಲ್ಕು ಮಾತ್ರ ತಿಳಿದಿವೆ: 7, 127, 2147483647 ಮತ್ತು 2¹²⁷ − 1. ಸರಪಣಿಯನ್ನು ಇನ್ನೊಂದು ಕೊಂಡಿ ಮುಂದೆ ಎಳೆದು 2147483647ನ್ನೇ ಘಾತಸೂಚಿಯಾಗಿಸಿದರೆ ಅರವತ್ತನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲ, 295257526626031 ಅದನ್ನು ಭಾಗಿಸುತ್ತದೆ. ಆಯ್ಲರ್ ಬಳಸಿದ ನಿಯಮ ಇಲ್ಲಿಯೂ ಪಾಲನೆಯಾಗಿರುವುದನ್ನು ಕಾಣಬಹುದು: ಆ ಭಾಜಕ 2 × 68745 × 2147483647 + 1ಕ್ಕೆ ಸಮ. 2024ರ ಅಕ್ಟೋಬರಿನಲ್ಲಿ ಗಿಂಪ್ಸ್ ಯೋಜನೆ ಪ್ರಕಟಿಸಿದ ದಾಖಲೆಯ ಅವಿಭಾಜ್ಯದ ಘಾತಸೂಚಿ 13,62,79,841. 2147483647 ಅದರ ಹದಿನೈದು ಪಟ್ಟಿಗೂ ಹೆಚ್ಚು.

ಗಣಕಯಂತ್ರಗಳಲ್ಲಿ

32 ಬಿಟ್‌ಗಳ ಪದದಲ್ಲಿ ಒಂದು ಬಿಟ್ ಧನ–ಋಣ ಚಿಹ್ನೆಗೆ ಮೀಸಲಾದರೆ ಉಳಿದ 31 ಬಿಟ್‌ಗಳೂ ಒಂದಾದಾಗ ಬರುವ ಬೆಲೆ 2147483647. ರೂಢಿಯಲ್ಲಿರುವ ಎರಡರ ಪೂರಕ ಪದ್ಧತಿಯಲ್ಲಿ ಇದಕ್ಕೆ ಒಂದನ್ನು ಕೂಡಿಸಿದರೆ ಎಣಿಕೆ ಮುಂದಕ್ಕೆ ಹೋಗದೆ ಒಮ್ಮೆಲೇ −2147483648ಕ್ಕೆ ಹಾರುತ್ತದೆ. ಮಿತಿಯ ಸಂಖ್ಯೆ ಅವಿಭಾಜ್ಯವಾಗಿರುವುದು ಇಲ್ಲಿ ಕೇವಲ ಆಕಸ್ಮಿಕ, ಅದಕ್ಕೂ ಈ ಹಾರಿಕೆಗೂ ಸಂಬಂಧವಿಲ್ಲ. 8 ಬಿಟ್‌ಗಳ ಮಿತಿಯಾದ 127 ಅವಿಭಾಜ್ಯ. 16 ಬಿಟ್‌ಗಳ ಮಿತಿಯಾದ 32767 ಮಾತ್ರ 7 × 31 × 151.

ಈ ಮಿತಿಗೆ ತಗಲಿದ ಎಣಿಕೆಗಳ ಕಥೆಗಳು ಹಲವು. 2014ರ ಡಿಸೆಂಬರಿನಲ್ಲಿ ಕೊರಿಯಾದ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳು ಈ ಸಂಖ್ಯೆಯನ್ನು ದಾಟಿದವು. ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗಳಿಗೆ ಏರಿಸಿದ್ದಾಗಿ ತಿಳಿಸಿತು. ಅದು ತಮಾಷೆಯ ಸುದ್ದಿ. ಮರುವರ್ಷ ಬಂದದ್ದು ಹಾಗಿರಲಿಲ್ಲ. 2015ರಲ್ಲಿ ಅಮೆರಿಕದ ವಾಯುಯಾನ ನಿಯಂತ್ರಣ ಸಂಸ್ಥೆ ಬೋಯಿಂಗ್ 787 ವಿಮಾನಗಳ ಕುರಿತು ನಿರ್ದೇಶನವೊಂದನ್ನು ಹೊರಡಿಸಿತು: 248 ದಿನಗಳ ಕಾಲ ವಿದ್ಯುತ್ ಕಡಿಯದೆ ಚಾಲನೆಯಲ್ಲಿದ್ದರೆ ಜನರೇಟರ್ ನಿಯಂತ್ರಕಗಳೊಳಗಿನ ತಂತ್ರಾಂಶದ ಎಣಿಕೆ ಮಿತಿಮೀರಿ ನಿಯಂತ್ರಕಗಳು ಏಕಕಾಲಕ್ಕೆ ಸ್ತಬ್ಧವಾಗಬಹುದು, ವಿಮಾನದ ವಿದ್ಯುತ್ ಪೂರೈಕೆ ನಿಲ್ಲಬಹುದು, ಅದಕ್ಕೆ ಮುನ್ನವೇ ವಿದ್ಯುತ್ ಆರಿಸಿ ಮತ್ತೆ ಹಾಕಬೇಕು. ಸೆಕೆಂಡಿನ ನೂರನೆಯ ಭಾಗಗಳನ್ನು ಎಣಿಸುತ್ತ ಹೋದರೆ 2147483647ನ್ನು ಮುಟ್ಟಲು ಹಿಡಿಯುವ ಕಾಲ 248 ದಿನ ಹದಿಮೂರು ಗಂಟೆಗಳಷ್ಟು. (ಆಯ್ಲರ್ ಲೆಕ್ಕದಲ್ಲಿ ಬಂದ 248ಕ್ಕೂ ಈ 248ಕ್ಕೂ ಯಾವ ನಂಟೂ ಇಲ್ಲ.)

ಯೂನಿಕ್ಸ್ ಪರಂಪರೆಯ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರ ಆರಂಭದಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಈ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಟ್ಟ ಯಂತ್ರಗಳಲ್ಲಿ ಅದು 2147483647ನ್ನು ತಲುಪುವುದು 2038ರ ಜನವರಿ 19, ಮಂಗಳವಾರ, ಜಾಗತಿಕ ಸಮನ್ವಿತ ಕಾಲಮಾನ 03:14:07ಕ್ಕೆ. ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡುಗಳಿಗೆ. ಮರುಕ್ಷಣ ಅಂಥ ಯಂತ್ರದ ದಿನಾಂಕ 1901ರ ಡಿಸೆಂಬರ್ 13ಕ್ಕೆ ಹಿಂದೆ ಸರಿಯುತ್ತದೆ. ಹೊಸ ಗಣಕಯಂತ್ರಗಳು 64 ಬಿಟ್‌ಗಳ ಎಣಿಕೆಗೆ ಬದಲಾಗಿವೆ, 2020ರಲ್ಲಿ ಬಂದ ಲಿನಕ್ಸ್ 5.6 ಆವೃತ್ತಿ 32 ಬಿಟ್‌ಗಳ ಯಂತ್ರಗಳಲ್ಲೂ ಇದಕ್ಕೆ ಅನುವು ಮಾಡಿಕೊಟ್ಟಿದೆ. ತೊಂದರೆ ಉಳಿದಿರುವುದು ಒಮ್ಮೆ ಅಳವಡಿಸಿ ಮರೆತುಬಿಟ್ಟ ನಿಯಂತ್ರಕ ಸಾಧನಗಳಲ್ಲಿ, ಹಳೆಯ ಕಡತ ವಿನ್ಯಾಸಗಳಲ್ಲಿ ಹಾಗೂ ಇಪ್ಪತ್ತು ಮೂವತ್ತು ವರ್ಷಗಳ ಮುಂದಿನ ದಿನಾಂಕಗಳನ್ನು ಈಗಲೇ ಲೆಕ್ಕ ಹಾಕುವ ತಂತ್ರಾಂಶಗಳಲ್ಲಿ. ಹೊಸ ಎಣಿಕೆಯ ಮಿತಿಯಾದ 2⁶³ − 1, ಅಂದರೆ 9223372036854775807, ತಲುಪಲು ಸುಮಾರು 29,200 ಕೋಟಿ ವರ್ಷಗಳು ಬೇಕು. ಅದು ಅವಿಭಾಜ್ಯವಲ್ಲ, ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ 7.